ಬಿಳಿಗುಂಡ್ಲುವಿನ ಅಳತೆಯೂ ಅಂತರ್ಜಾಲದ ತೂಬೂ

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿಯು ಮೇಕೆದಾಟುವಿನ ಬಂಡೆಗಳ ಇಕ್ಕಟ್ಟಿನಲ್ಲಿ ಮೈ ಕುಗ್ಗಿಸಿ ನುಸುಳಿ, ಹನೂರು ತಾಲ್ಲೂಕಿನ ಕಾಡಂಚನ್ನು ಬಳಸಿಕೊಂಡು ತಮಿಳುನಾಡನ್ನು ಹೊಗುವ ಎಡೆಯಲ್ಲಿ ಬಿಳಿಗುಂಡ್ಲು ಎಂಬ ಪುಟ್ಟ ಊರಿದೆ. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಅಲ್ಲಿರುವುದರಿಂದಲೇ ಅದರ ಹೆಸರು ಮಳೆ ಕೈಕೊಟ್ಟ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಪದೇ ಪದೇ ಕಾಣಿಸುತ್ತದೆ. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾಮಾನ್ಯ ವರ್ಷವೊಂದರಲ್ಲಿ ಅಲ್ಲಿ ಹರಿಯತಕ್ಕ ನೀರನ್ನು 177.25 ಟಿಎಂಸಿ ಎಂದು ನಿಗದಿಪಡಿಸಿತು. ಆ ತೀರ್ಪಿನ ನ್ಯಾಯಾನ್ಯಾಯಗಳನ್ನು ಕುರಿತು ಎರಡು ರಾಜ್ಯಗಳಿಗೂ ಬೇರೆ ಬೇರೆ ಅಭಿಪ್ರಾಯಗಳಿವೆ. ಆದರೆ ಅಳೆಯುವವರು ಇಬ್ಬರಲ್ಲಿ ಯಾರೊಬ್ಬರೂ ಅಲ್ಲವೆಂಬ ಕಾರಣದಿಂದ, ಜಗಳವು ನೀರಿನ ಮೇಲೆ ನಡೆಯುತ್ತದೆಯೇ ಹೊರತು ಅಂಕಿಯ ಮೇಲೆ ಅಷ್ಟಾಗಿ ನಡೆಯುವುದಿಲ್ಲ.

ಅಂತರ್ಜಾಲದ ಮೂಲವ್ಯವಸ್ಥೆ ಒಂದೇ ದೇಶದ ಅಧೀನದಲ್ಲಿರಬಹುದೆ ಎಂಬ ಪ್ರಶ್ನೆಯನ್ನು ಕೊಳ್ಳೇಗಾಲದ ಕಡೆಯಿಂದ ನೋಡುವವನಿಗೆ ಮೊದಲು ನೆನಪಾಗತಕ್ಕದ್ದು ಈ ನದಿಯೇ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಎಂದರೆ, 1924ರಲ್ಲಿ ಮೈಸೂರೂ ಮದರಾಸೂ ಕಾವೇರಿಯ ಒಪ್ಪಂದಕ್ಕೆ ಸಹಿ ಹಾಕಿದಾಗ ಇಲ್ಲಿನ ಕನ್ನಡಿಗರು ಕಾಗದದ ಮೇಲೆ ಕೆಳದಂಡೆಯ ಪಕ್ಷದವರಾಗಿದ್ದರು. ನದಿ ಕದಲಲಿಲ್ಲ, ಊರೂ ಕದಲಲಿಲ್ಲ. ರಾಜ್ಯಗಳ ಪುನರ್ವಿಂಗಡಣೆಯಾದ ದಿನ ಅದೇ ಜನ ಮೇಲ್ದಂಡೆಯವರಾದರು. ಇನ್ನೂ ಹಿಂದಕ್ಕೆ ಹೋದರೆ, 1892ರ ಒಪ್ಪಂದದ ಪ್ರಕಾರ ಮೇಲ್ದಂಡೆಯಲ್ಲಿದ್ದ ಮೈಸೂರೇ ಹೊಸ ಜಲಾಶಯ ಕಟ್ಟಲು ಮದರಾಸಿನ ಪೂರ್ವಸಮ್ಮತಿಗಾಗಿ ಕೈಯೊಡ್ಡಬೇಕಾಗಿತ್ತು. ತೂಬಿನ ಅಧಿಕಾರವು ಭೂಗೋಳವನ್ನಲ್ಲ, ಬಲವನ್ನು ಅನುಸರಿಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಂತರ್ಜಾಲದ ತೂಬು ಯಾವುದು? ಅಕ್ಷರದಲ್ಲಿ ಬರೆದ ವಿಳಾಸವನ್ನು ಯಂತ್ರಕ್ಕೆ ಬೇಕಾದ ಅಂಕಿಯ ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆಯೊಂದಿದ್ದು, ಅದರ ತುದಿಯಲ್ಲಿ ‘.ಇನ್’, ‘.ಕಾಂ’ ಮೊದಲಾದವು ಯಾರ ಸುಪರ್ದಿನಲ್ಲಿವೆ ಎಂದು ಹೇಳುವ ಒಂದು ವಹಿ ಇದೆ. ಕನ್ನಡ ಲಿಪಿಯ ‘.ಭಾರತ’ ಕೂಡ ಅದರಲ್ಲಿ ಸೇರಿದೆ. ಈ ವಹಿಯನ್ನು ಓದಿ ಹೇಳುವ ಮೂಲ ಸರ್ವರುಗಳ ಹೆಸರು ಹದಿಮೂರು, ನಡೆಸುವ ಸಂಸ್ಥೆಗಳು ಹನ್ನೆರಡು. ಅವುಗಳಲ್ಲಿ ಒಂಬತ್ತು ಅಮೆರಿಕದವು, ಉಳಿದ ಮೂರು ಸ್ವೀಡನ್, ನೆದರ್ಲೆಂಡ್ಸ್, ಜಪಾನುಗಳವು. ಅವುಗಳ ಪ್ರತಿರೂಪಗಳು ಈಗ ಸಾವಿರಕ್ಕೂ ಮಿಕ್ಕಿ ಭಾರತವೂ ಸೇರಿದಂತೆ ಲೋಕದ ತುಂಬ ಹರಡಿವೆಯಾದರೂ, ವಹಿ ಒಂದೇ.

ಆ ವಹಿಯು ಬಹುಕಾಲ ಒಂದು ಜಹಗೀರಿನಂತಿತ್ತು. ಯಳಂದೂರಿನವರಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಉಂಬಳಿಯಾಗಿ ಬಂದ ಸೀಮೆ ಅದು. ಜಹಗೀರುದಾರನು ಸಜ್ಜನನಾಗಿರಬಹುದು, ಆಡಳಿತ ಚೊಕ್ಕಟವಾಗಿರಬಹುದು; ಆದರೂ ಸನ್ನದು ಬರೆದುಕೊಟ್ಟವನೊಬ್ಬ ಅವನ ಹಿಂದೆ ನಿಂತೇ ಇರುತ್ತಾನೆ. ಆರಂಭದ ವರ್ಷಗಳಲ್ಲಿ ಈ ವಹಿಯನ್ನು ನೋಡಿಕೊಂಡ ಜಾನ್ ಪೋಸ್ಟಲ್ 1998ರ ಜನವರಿಯಲ್ಲಿ ಎಂಟು ಮೂಲ ಸರ್ವರುಗಳ ನಿರ್ವಾಹಕರಿಗೆ ಒಂದು ಮಿಂಚಂಚೆ ಬರೆದು, ಇನ್ನು ಮುಂದೆ ತನ್ನ ಯಂತ್ರವನ್ನೇ ಮೂಲವೆಂದು ಎಣಿಸಿರೆಂದಾಗ ಅವರು ಹಾಗೆಯೇ ನಡೆದರು. ಅಮೆರಿಕದ ಸರ್ಕಾರ ಗದರಿಸಿದ ಮೇಲೆ ಎಲ್ಲವೂ ಹಿಂದಿನಂತಾಯಿತು. ಸನ್ನದು ಯಾರದೆಂಬುದು ಅಂದು ಬಯಲಾಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿತವಾದ ಐಕ್ಯಾನ್ ಸಂಸ್ಥೆಯು ಆ ದೇಶದ ವಾಣಿಜ್ಯ ಇಲಾಖೆಯ ಕರಾರಿನ ಮೇಲೆ ಈ ಕೆಲಸ ಮಾಡುತ್ತ ಬಂದು, 2016ರ ಅಕ್ಟೋಬರ್ 1ರಂದು ಆ ಕರಾರಿನಿಂದ ಬಿಡುಗಡೆಗೊಂಡಿತು.

ಹಾಗಾದರೆ ಸರ್ಕಾರಗಳೆಲ್ಲ ಕೂಡಿ ಅದನ್ನು ನಡೆಸಬಾರದಿತ್ತೆ ಎಂಬ ಪ್ರಶ್ನೆ ಸಹಜ. 2011ರಲ್ಲಿ ಭಾರತವೇ ವಿಶ್ವಸಂಸ್ಥೆಯಲ್ಲಿ ಐವತ್ತು ರಾಷ್ಟ್ರಗಳ ಸಮಿತಿಯೊಂದನ್ನು ಸೂಚಿಸಿತ್ತು. 2015ರಲ್ಲಿ ಆ ನಿಲುವನ್ನು ಬದಿಗಿಟ್ಟು, ತಂತ್ರಜ್ಞರೂ ಬಳಕೆದಾರರೂ ಉದ್ಯಮಗಳೂ ಸರ್ಕಾರಗಳೂ ಒಟ್ಟಿಗೆ ಕುಳಿತುಕೊಳ್ಳುವ ಪದ್ಧತಿಯನ್ನು ಒಪ್ಪಿತು. ಹಾಗೆ ಹಿಂದೆ ಸರಿದದ್ದನ್ನು ನಾನು ಸೋಲೆಂದು ಎಣಿಸುವುದಿಲ್ಲ. 2022ರಲ್ಲಿ ಯುದ್ಧದ ಬೇಗೆಯಲ್ಲಿದ್ದ ಉಕ್ರೇನು ರಷ್ಯದ ‘.ಆರ್‌ಯು’ವನ್ನು ವಹಿಯಿಂದ ಅಳಿಸಿಹಾಕುವಂತೆ ಬೇಡಿಕೊಂಡಾಗ ಐಕ್ಯಾನ್ ಒಪ್ಪಲಿಲ್ಲ. ರಷ್ಯದ ದಾಳಿಯನ್ನು ಸಮರ್ಥಿಸುವ ಅಗತ್ಯ ಯಾರಿಗೂ ಇಲ್ಲ; ಆದರೆ ಆ ವಹಿಯು ಒಂದು ರಾಜಧಾನಿಯ ಮೇಜಿನ ಮೇಲೆ ಇದ್ದಿದ್ದರೆ, ಅಥವಾ ಬಹುಮತದ ಕೈಯೆತ್ತುವಿಕೆಗೆ ಒಳಪಟ್ಟಿದ್ದರೆ, ಅಂದು ಅಳಿಸಿದ ಲೇಖನಿಯು ಮುಂದೊಂದು ದಿನ ಇನ್ನೊಂದು ಹೆಸರಿನ ಮೇಲೆ ಆಡದೆಂದು ಯಾರು ಹೊಣೆ ನಿಲ್ಲುತ್ತಿದ್ದರು?

ಇಷ್ಟರಿಂದ ನಿಶ್ಚಿಂತೆಯಾಗಿ ಮಲಗುವಂತೇನೂ ಇಲ್ಲ. ಐಕ್ಯಾನ್ ಇಂದಿಗೂ ಕ್ಯಾಲಿಫೋರ್ನಿಯಾದ ಕಾನೂನಿಗೆ ಅಧೀನ. ಅದಕ್ಕಿಂತ ಹೆಚ್ಚಾಗಿ, ನೀರು ಈಗ ಬೇರೆ ತೂಬುಗಳಲ್ಲಿ ಹರಿಯುತ್ತಿದೆ. 2025ರ ಜುಲೈಯಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧವೊಂದರ ದೆಸೆಯಿಂದ, ಗುಜರಾತಿನಲ್ಲಿ ತೈಲ ಶುದ್ಧೀಕರಿಸುವ ನಯಾರಾ ಕಂಪನಿಗೆ ಮೈಕ್ರೋಸಾಫ್ಟ್ ತನ್ನ ಸೇವೆಗಳನ್ನು ನಿಲ್ಲಿಸಿತು. ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿದವು. ಹಣ ಕೊಟ್ಟು ಕೊಂಡ ಸೇವೆ, ಭಾರತದ ನೆಲದ ಕಾರ್ಖಾನೆ, ನಿರ್ಬಂಧ ಮಾತ್ರ ಪರದೇಶದ್ದು. ಮೂಲ ವಹಿಯನ್ನು ಯಾರೂ ಮುಟ್ಟಬೇಕಾಗಲಿಲ್ಲ.

ಮಲೆ ಮಹದೇಶ್ವರ ಬೆಟ್ಟದ ಮಡಿಲಿನ ಪೋಡುಗಳಲ್ಲಿ ಫೋನಿನ ಸಿಗ್ನಲಿಗಾಗಿ ದಿಣ್ಣೆ ಹತ್ತುವವರಿಗೆ ಈ ವಾದವೆಲ್ಲ ವಿನೋದವಾಗಿ ಕಂಡೀತು. ಬಾರದ ನೀರಿಗೆ ತೂಬು ಯಾರದಾದರೇನು! ಆದರೆ ಬಂದ ನೀರನ್ನು ನಮ್ಮವರೇ ತಡೆಯುವುದೂ ಉಂಟಷ್ಟೆ. ನಮ್ಮ ದೇಶದಲ್ಲಿ ಅಂತರ್ಜಾಲವನ್ನು ನಿಲ್ಲಿಸುವ ಆದೇಶಗಳು ಹೊರಡುವುದು ವಾಷಿಂಗ್ಟನ್ನಿನಿಂದಲ್ಲ, ನಮ್ಮದೇ ಸಚಿವಾಲಯಗಳಿಂದ. ಅಂಥ ಆದೇಶಗಳನ್ನು ಪ್ರಕಟಿಸತಕ್ಕದ್ದೆಂದು 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿತು. ಅದಾಗಿ ಹೆಚ್ಚುಕಡಿಮೆ ಎರಡು ವರ್ಷ ಕಳೆದು, 2021ರ ಡಿಸೆಂಬರಿನಲ್ಲಿ ಸಂಸತ್ತಿನ ಸ್ಥಾಯೀ ಸಮಿತಿ ವಿಚಾರಿಸಿದಾಗ ತಿಳಿದುಬಂದದ್ದೇನೆಂದರೆ, ದೇಶದಲ್ಲಿ ಎಲ್ಲೆಲ್ಲಿ ಎಷ್ಟು ಬಾರಿ ಅಂತರ್ಜಾಲ ನಿಂತಿತೆಂಬ ಲೆಕ್ಕವನ್ನು ದೂರಸಂಪರ್ಕ ಇಲಾಖೆಯಾಗಲಿ ಗೃಹ ಮಂತ್ರಾಲಯವಾಗಲಿ ಇಟ್ಟೇ ಇರಲಿಲ್ಲ. ಬಿಳಿಗುಂಡ್ಲುವಿನಲ್ಲಿ ಒಂದು ದಿನದ ಅಳತೆ ತಪ್ಪಿದರೆ ಎರಡು ರಾಜ್ಯಗಳು ಕೇಳುತ್ತವೆ.