ಬ್ಯಾಲೆನ್ಸ್ ಎಂದರೆ ಯಾರ ಹಣ?

ಮಕ್ಕಳೇ, ಮೊನ್ನೆ ನಮ್ಮ ಮಾಣಿಕನಗರದ ಓಣಿಯಲ್ಲಿ ಮೊಮ್ಮಗಳು ಸೈಕಲ್ ಕಲಿಯುತ್ತಿದ್ದಳು. ‘ಅಜ್ಜಾ, ಬ್ಯಾಲೆನ್ಸ್ ಸಿಗವಲ್ದು!’ ಎಂದಳು. ಅತ್ತ ಅವಳಪ್ಪನ ಮೊಬೈಲಿನಲ್ಲೂ ಬ್ಯಾಲೆನ್ಸ್ ಇರಲಿಲ್ಲ. ಶಬ್ದ ಒಂದೇ, ಪೇಚಾಟ ಎರಡು.

ಲ್ಯಾಟಿನ್ ಭಾಷೆಯಲ್ಲಿ ‘ಬಿ’ ಎಂದರೆ ಎರಡು, ‘ಲಾಂಕ್ಸ್’ ಎಂದರೆ ತಟ್ಟೆ. ಎರಡು ತಟ್ಟೆಯ ತಕ್ಕಡಿಯೇ ಈ ಶಬ್ದದ ಮೂಲ. ಸೈಕಲ್ಲಿನ ಮೇಲೆ ಅದು ಸಮತೋಲ. ಪಾಸ್‌ಬುಕ್ಕಿನಲ್ಲಿ ನಮ್ಮದೇ ಉಳಿಕೆ ಹಣ. ಕಿರಾಣಿ ಅಂಗಡಿಯಲ್ಲಿ ನಾವು ಕೊಡಬೇಕಾದ ಬಾಕಿ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಹಳ್ಳಿಯ ಅಜ್ಜಿಯೊಬ್ಬರಿಗೆ ‘200 ರೂಪಾಯಿ ಬ್ಯಾಲೆನ್ಸ್ ಅದ ನೋಡವ್ವಾ’ ಎಂದೆ. ಅವರ ಮುಖ ಬಾಡಿತು. ಸೆರಗಿನ ಗಂಟು ಬಿಚ್ಚಿ, ಚಿಲ್ಲರೆಯನ್ನು ಕೌಂಟರಿನ ಮೇಲಿಟ್ಟು, ‘ಈಗ ಇಷ್ಟೇ ಅವರಿ ಸಾಹೇಬ್ರ, ಉಳಿದದ್ದು ತೊಗರಿ ರಾಶಿ ಆದ ಮ್ಯಾಲ ಕೊಡ್ತೀನಿ’ ಎಂದರು. ತಮ್ಮ ಉಳಿತಾಯವನ್ನೇ ಸಾಲವೆಂದು ತಿಳಿದಿದ್ದರು! ತಪ್ಪು ಅವರದಲ್ಲ, ನನ್ನದು. ಅಂದಿನಿಂದ ‘ನಿಮ್ಮ ರೊಕ್ಕ ಇಷ್ಟು ಅದರಿ’ ಎಂದೇ ಹೇಳತೊಡಗಿದೆ.

ನಿಮ್ಮ ಅಜ್ಜ, ಅಜ್ಜಿಯ ಮೊಬೈಲಿಗೂ ಬ್ಯಾಂಕಿನ ಸಂದೇಶ ಬರುತ್ತದೆ. ಓದಿ, ಅರ್ಥ ಬಿಡಿಸಿ ಹೇಳಿ. ಹೇಳುತ್ತೀರಲ್ಲ?