ಒಳ್ಳೆಯವರು ಹೊರಿಸಿದ ಅಪವಾದ

ಸಂಪಾದಕನ ಮೇಜಿಗೆ ಒಂದು ಡೈರಿ ಬಂತು ಅಂತಿಟ್ಟುಕೊಳ್ಳಿ. ಬರೆದವರು ತೀರಿಕೊಂಡಿದ್ದಾರೆ. ಊರಿಗೆ ಊರೇ ನಂಬಿದ್ದ ಮನುಷ್ಯ. ಕೈಬರಹ ಅವರದೇ, ಅದರಲ್ಲಿ ಅನುಮಾನವಿಲ್ಲ. ಒಳಗೆ ನೋಡಿದರೆ, ಜೀವಮಾನವಿಡೀ ಜೊತೆಗಿದ್ದ ಗೆಳೆಯರ ಮೇಲೆ ದೇಶದ್ರೋಹದ ಆರೋಪ. ಅಚ್ಚು ಹಾಕುವುದೋ, ಬೀರುವಿನಲ್ಲಿಟ್ಟು ಬೀಗ ಜಡಿಯುವುದೋ?

1985ರ ಜನವರಿಯಿಂದ ಏಪ್ರಿಲ್‌ವರೆಗೆ ಡಿಸಿ ಕಾಮಿಕ್ಸ್ ನಾಲ್ಕು ಕಂತುಗಳಲ್ಲಿ ಹೊರತಂದ ‘ಅಮೆರಿಕ ವರ್ಸಸ್ ದಿ ಜಸ್ಟಿಸ್ ಸೊಸೈಟಿ’ ಇಂಥದೊಂದು ಡೈರಿಯ ಕಥೆ. ಡೈರಿ ಬ್ಯಾಟ್‌ಮನ್‌ನದು. ರಾಯ್ ಥಾಮಸ್ ಮತ್ತು ಡ್ಯಾನ್ ಥಾಮಸ್ ಬರೆದ ಈ ಕಥೆಯ ಲೋಕದಲ್ಲಿ ಬ್ಯಾಟ್‌ಮನ್‌ಗೆ ವಯಸ್ಸಾಗಿದೆ, ಮಗಳು ಹೆಲೆನಾ ಬೆಳೆದು ವಕೀಲೆಯಾಗಿದ್ದಾಳೆ, ಇವನು ಸತ್ತೂ ಹೋಗಿದ್ದಾನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಸ್ಟಿಸ್ ಸೊಸೈಟಿಯವರು ನಾಜಿಗಳ ಜೊತೆ ಕೈಜೋಡಿಸಿದ್ದರು ಎಂದು ಡೈರಿ ಹೇಳುತ್ತದೆ. ಅಮೆರಿಕದ ಸಂಸತ್ತು ವಿಚಾರಣೆಗೆ ಕೂರುತ್ತದೆ. ತಂಡದ ಪರವಾಗಿ ವಾದಿಸುವವಳು ಬ್ಯಾಟ್‌ಮನ್‌ನ ಮಗಳು, ವಿರುದ್ಧ ನಿಲ್ಲುವವನು ಅವನ ಶಿಷ್ಯ ರಾಬಿನ್, ಅಂದರೆ ಡಿಕ್ ಗ್ರೇಸನ್. ಆ ಲೋಕದ ‘ಡೈಲಿ ಸ್ಟಾರ್’ ಪತ್ರಿಕೆಯ ಸಂಪಾದಕನ ಕುರ್ಚಿಯಲ್ಲಿ ಕೂತಿರುವವನು ಕ್ಲಾರ್ಕ್ ಕೆಂಟ್. ಅವನೇ ಸೂಪರ್‌ಮನ್, ಅವನೂ ಆ ತಂಡದವನೇ. ಪತ್ರಿಕೆ ನಡೆಸುವವನಾಗಿ ನಾನು ಈ ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರುಗಿದ್ದು ಅವನಿಗಾಗಿ. ಬೆಟ್ಟ ಎತ್ತುವುದು ಬೇರೆ, ಆ ಕುರ್ಚಿಯಲ್ಲಿ ಕೂರುವುದು ಬೇರೆ.

ಡೈರಿಯಲ್ಲಿದ್ದದ್ದು ಸುಳ್ಳು, ಆ ಸುಳ್ಳುಗಳ ಜಾಡು ಹಿಡಿದರೆ ತಂಡದ ಹಳೇ ಶತ್ರು ಪರ್ ಡೆಗಟನ್ ಹತ್ತಿರ ಹೋಗಿ ನಿಲ್ಲುತ್ತದೆ ಎಂಬುದು ಕೊನೆಗೆ ಬಯಲಾಗುತ್ತದೆ. ಆ ಬಿಡುಗಡೆಯ ಭಾಗ ನನಗೆ ಅಷ್ಟು ರುಚಿಸಲಿಲ್ಲ. ರುಚಿಸಿದ್ದು ಶುರುವಿನ ಪೇಚು. ಅದೇ ಮಾತನ್ನು ಖಳನೊಬ್ಬ ಆಡಿದ್ದರೆ ಜನ ನಕ್ಕುಬಿಡುತ್ತಿದ್ದರು. ಆಡಿದವನು ಬ್ಯಾಟ್‌ಮನ್. ಜನ ತಮ್ಮ ನಂಬಿಕೆಯನ್ನು ಕಳೆದುಕೊಳ್ಳಲಿಲ್ಲ, ಅದನ್ನು ಎತ್ತಿ ತಂಡದಿಂದ ಡೈರಿಗೆ ವರ್ಗ ಮಾಡಿದರು, ಅಷ್ಟೇ.

ಈ ಸಂಚಿಕೆಯನ್ನು ಚಿತ್ರಕಥೆಗಳಿಗೆ ಮೀಸಲಿಡುತ್ತೇವೆಂದು ಪ್ರಕಟಿಸಿದ ವಾರವೇ ಹಿರಿಯ ಚಂದಾದಾರರೊಬ್ಬರು ಫೋನ್ ಮಾಡಿದರು. ‘ಇಷ್ಟು ವರ್ಷ ಮರ್ಯಾದೆಯಾಗಿ ನಡೆಸಿಕೊಂಡು ಬಂದಿದ್ದೀರಿ. ಈಗ್ಯಾಕೆ ಸ್ವಾಮಿ ಈ ಹುಡುಗಾಟ?’ ಸಿಟ್ಟಿರಲಿಲ್ಲ, ನಿಜವಾದ ಕಳಕಳಿ ಇತ್ತು. ಹಾಗಾಗಿಯೇ ಉತ್ತರ ಕೊಡಲು ತಡಕಾಡಿದೆ. ಈ ಟಿಪ್ಪಣಿಯ ಒಂದು ಪಾಲು ಅವರಿಗೆ ಉತ್ತರ.

ಜಸ್ಟಿಸ್ ಸೊಸೈಟಿ ಸಾಮಾನ್ಯ ತಂಡವಲ್ಲ, ಕಾಮಿಕ್ಸ್ ಲೋಕದ ಮೊದಲನೇ ಸೂಪರ್‌ಹೀರೋ ತಂಡ. 1940ರ ಕೊನೆಗೆ ಬಂದ ‘ಆಲ್ ಸ್ಟಾರ್ ಕಾಮಿಕ್ಸ್’ ಮೂರನೇ ಸಂಚಿಕೆಯ ರಕ್ಷಾಪುಟದಲ್ಲಿ ಎಂಟು ಮಂದಿ ಒಂದು ಮೇಜಿನ ಸುತ್ತ ಕೂತಿದ್ದಾರೆ. ಫ್ಲಾಶ್, ಗ್ರೀನ್ ಲ್ಯಾಂಟರ್ನ್, ರೆಕ್ಕೆಯ ಹಾಕ್‌ಮನ್, ಇನ್ನೂ ಐವರು. ಒಟ್ಟಿಗೆ ಊಟಕ್ಕೆ ಕೂತು ಸರದಿಯ ಮೇಲೆ ತಮ್ಮ ತಮ್ಮ ಸಾಹಸ ಹೇಳಿಕೊಳ್ಳುವುದೇ ಆ ಸಂಚಿಕೆ. ನಮ್ಮಲ್ಲಿ ಮದುವೆ ಮನೆಯ ಜಗಲಿಯಲ್ಲಿ ಎಲೆಯಡಿಕೆ ತಟ್ಟೆಯ ಸುತ್ತ ಭಾವ ಮೈದುನರು ಕೂತ ಹಾಗೆ. ಯುದ್ಧ ಮುಗಿಯಿತು, ಓದುಗರ ಆಸೆ ಬೇರೆ ಕಡೆ ತಿರುಗಿತು. 1951ರಲ್ಲಿ 57ನೇ ಸಂಚಿಕೆಗೆ ಈ ಊಟದ ಪಂಕ್ತಿ ಎದ್ದಿತು. ಮುಂದಿನ ಸಂಚಿಕೆಯ ಹೊತ್ತಿಗೆ ಪತ್ರಿಕೆಯ ಹೆಸರು ‘ಆಲ್ ಸ್ಟಾರ್ ವೆಸ್ಟರ್ನ್’, ಒಳಗೆಲ್ಲ ಕುದುರೆ ಏರಿದ ಕೌಬಾಯ್‌ಗಳು. ವಿದಾಯದ ಮಾತು ಕೂಡ ಇರಲಿಲ್ಲ. ಪತ್ರಿಕೆಗಳು ಹೀಗೇ ಸಾಯುವುದು. ನಮಗೆ ಗೊತ್ತಿದೆ.

28 ವರ್ಷ ಕಳೆದ ಮೇಲೆ, 1979ರಲ್ಲಿ, ‘ಅಡ್ವೆಂಚರ್ ಕಾಮಿಕ್ಸ್’ 466ನೇ ಸಂಚಿಕೆಯಲ್ಲಿ ಪಾಲ್ ಲೆವಿಟ್ಜ್ ಈ ಸಾವಿಗೆ ಒಂದು ಕಾರಣ ಬರೆದರು. ಅವರ ಕಥೆಯ ಪ್ರಕಾರ 1951ರಲ್ಲಿ ಸಂಸತ್ತಿನ ಸಮಿತಿಯೊಂದು ತಂಡವನ್ನು ಕರೆಸಿ, ನೀವು ಪರದೇಶದ ಗೂಢಚಾರರ ಜೊತೆ ಸೇರಿದ್ದೀರಿ ಎಂದಿತು. ಅಲ್ಲವಾದರೆ ಮುಖವಾಡ ತೆಗೆದು ನಿಮ್ಮ ನಿಜವಾದ ಹೆಸರು ಹೇಳಿ ಎಂದಿತು. ಅವರು ಒಪ್ಪಲಿಲ್ಲ. ಸಮಿತಿಯ ಕಣ್ಣೆದುರೇ ಮಾಯವಾಗಿ, ಸಾಹಸವನ್ನೆಲ್ಲ ಬಿಟ್ಟು ಮನೆ ಸೇರಿದರು. ಕಮ್ಯುನಿಸ್ಟರನ್ನು ಹುಡುಕುತ್ತೇವೆಂದು ಹಾಲಿವುಡ್ ಬರಹಗಾರರನ್ನು ಕಟಕಟೆಗೆ ತಂದ ಆ ಕಾಲದ ನಿಜವಾದ ಸಮಿತಿಗಳ ನೆರಳು ಇದು ಎಂದು ಅಮೆರಿಕದ ಓದುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ನನಗೆ ಮಾತ್ರ ಇಲ್ಲಿ ತುಸು ನಗು ಬರುತ್ತದೆ. ನಿಜದಲ್ಲಿ ಈ ತಂಡವನ್ನು ಮುಚ್ಚಿಸಿದ್ದು ಯಾವ ಸಮಿತಿಯೂ ಅಲ್ಲ, ಮಾರಾಟದ ಲೆಕ್ಕ. ಓದುಗರು ಮರೆತರು ಅನ್ನುವುದಕ್ಕಿಂತ ಓದುಗರು ತಪ್ಪು ತಿಳಿದರು ಅನ್ನುವುದು ಮರ್ಯಾದೆಯ ಸಾವು. ಅಪವಾದಕ್ಕೂ ಒಂದು ಘನತೆ ಇದೆ.

ಹಾಗೆಂದು ಲೆವಿಟ್ಜ್ ಇದನ್ನು ಗಾಳಿಯಲ್ಲಿ ಹೆಣೆದರು ಎನ್ನುವಂತಿಲ್ಲ. ಸೂಪರ್‌ಹೀರೋಗಳು ಸಂಸತ್ತಿನ ಸಮಿತಿಯ ಮುಂದೆ ಆರೋಪಿಗಳಾಗಿ ನಿಂತದ್ದುಂಟು, ಕಾಗದದ ಮೇಲಲ್ಲ, ನ್ಯೂಯಾರ್ಕಿನಲ್ಲಿ, 1954ರ ಏಪ್ರಿಲ್ 21 ಮತ್ತು 22ರಂದು, ಆಮೇಲೆ ಜೂನ್ 4ರಂದು. ಬಾಲಾಪರಾಧದ ಬಗ್ಗೆ ತನಿಖೆಗೆ ಕೂತ ಸೆನೆಟ್ ಉಪಸಮಿತಿ ಅದು. ಮುಖ್ಯ ಸಾಕ್ಷಿ ಡಾ. ಫ್ರೆಡ್ರಿಕ್ ವರ್ಥಮ್, ಮನೋವೈದ್ಯರು. ಆ ವರ್ಷವೇ ಹೊರಬಂದಿದ್ದ ಅವರ ‘ಸಿಡಕ್ಷನ್ ಆಫ್ ದಿ ಇನ್ನೊಸೆಂಟ್’ ಪುಸ್ತಕ ಮನೆಮನೆಯ ತಾಯಂದಿರ ನಿದ್ದೆ ಕೆಡಿಸಿತ್ತು. ಮಕ್ಕಳು ಕೆಡುವುದಕ್ಕೆ ಕಾಮಿಕ್ಸ್ ದೊಡ್ಡ ಕಾರಣ ಎಂಬುದು ಅವರ ವಾದ. ಬ್ಯಾಟ್‌ಮನ್ ಮತ್ತು ರಾಬಿನ್‌ರ ಸಹವಾಸದಲ್ಲಿ ಅವರಿಗೆ ಸಲಿಂಗ ಪ್ರೇಮ ಕಂಡಿತು, ಅದು ಆಗ ಅಪರಾಧ. ವಂಡರ್ ವುಮನ್‌ಳಲ್ಲಿ ಹುಡುಗಿಯರು ಹೇಗಾಗಬಾರದೋ ಅದು ಕಂಡಿತು. ಸೂಪರ್‌ಮನ್‌ನಲ್ಲಿ ಫ್ಯಾಸಿಸಂ ಕಂಡಿತು. ಸೂಪರ್‌ಮನ್‌ನನ್ನು ಕಲ್ಪಿಸಿದ ಜೆರ್ರಿ ಸೀಗಲ್, ಜೋ ಶಸ್ಟರ್ ಇಬ್ಬರೂ ವಲಸೆ ಬಂದ ಯಹೂದಿ ಮನೆಗಳ ಹುಡುಗರು.

ವರ್ಥಮ್‌ರನ್ನು ಖಳನಾಗಿ ಚಿತ್ರಿಸುವುದು ಕಾಮಿಕ್ಸ್ ಅಭಿಮಾನಿಗಳಿಗೆ ರೂಢಿ. ಅದು ಸುಲಭ, ಹಾಗಾಗಿಯೇ ನನಗೆ ಬೇಡ. 1946ರಲ್ಲಿ ಹಾರ್ಲೆಮ್‌ನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಅವರು ತೆರೆದ ಲಫಾರ್ಗ್ ಕ್ಲಿನಿಕ್‌ನಲ್ಲಿ ಫೀಸು 25 ಸೆಂಟ್, ಅದೂ ಕೊಡಬಲ್ಲವರಿಗೆ. ಬೇರೆ ಕಡೆ ಬಾಗಿಲಲ್ಲೇ ತಡೆಯುತ್ತಿದ್ದ ಕರಿಯ ಜನ ಇಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆದರು. ಬಿಳಿಯರಿಗೊಂದು ಶಾಲೆ, ಕರಿಯರಿಗೊಂದು ಶಾಲೆ ಎಂಬ ಪದ್ಧತಿ ಮಕ್ಕಳ ಮನಸ್ಸನ್ನು ಹೇಗೆ ಕುಗ್ಗಿಸುತ್ತದೆ ಎಂದು ಡೆಲವೇರ್ ರಾಜ್ಯದ ಮೊಕದ್ದಮೆಯಲ್ಲಿ ಸಾಕ್ಷಿ ನುಡಿದವರೂ ಇವರೇ. ಆ ಮೊಕದ್ದಮೆ ಮುಂದೆ ಬ್ರೌನ್ ಪ್ರಕರಣದೊಳಗೆ ಸೇರಿತು. ಆ ಪದ್ಧತಿ ಕಾನೂನುಬಾಹಿರವೆಂದ ಬ್ರೌನ್ ತೀರ್ಪು ಬಂದದ್ದು 1954ರ ಮೇ 17ಕ್ಕೆ, ಕಾಮಿಕ್ಸ್ ವಿಚಾರಣೆಯ ಎರಡು ಬೈಠಕ್‌ಗಳ ನಡುವೆ. ಒಂದೇ ಬೇಸಿಗೆ, ಒಬ್ಬರೇ ಡಾಕ್ಟರು. ಒಂದು ಕಡೆ ಲಕ್ಷಾಂತರ ಮಕ್ಕಳ ಮೇಲಿದ್ದ ಭಾರ ಇಳಿಯಲು ಕೈಹಚ್ಚಿದರು, ಇನ್ನೊಂದು ಕಡೆ ಅವರ ಪುಸ್ತಕಗಳನ್ನು ಕಸಿದರು.

ಸಮಿತಿಯ ಮುಂದೆ ಪ್ರಕಾಶಕರ ಪರ ಧೈರ್ಯ ಮಾಡಿ ಬಂದ ವಿಲಿಯಂ ಗೇನ್ಸ್ ಕೆಲಸ ಇನ್ನಷ್ಟು ಕೆಡಿಸಿದರು. ಅವರ ಇಸಿ ಸಂಸ್ಥೆಯದು ಭಯಾನಕ ಕಥೆಗಳು, ಸೂಪರ್‌ಹೀರೋಗಳಲ್ಲ. ಸೆನೆಟರ್ ಕೀಫಾವರ್ ಒಂದು ರಕ್ಷಾಪುಟ ಎತ್ತಿ ಹಿಡಿದರು: ಕೊಡಲಿ ಹಿಡಿದ ಗಂಡಸು, ಅವನ ಕೈಯಲ್ಲಿ ಹೆಂಗಸಿನ ರುಂಡ. ಇದು ಸದಭಿರುಚಿಯೇ ಎಂದು ಕೇಳಿದರು. ಭಯಾನಕ ಕಾಮಿಕ್ಸ್ ಮಟ್ಟಿಗೆ ಹೌದು ಎಂದರು ಗೇನ್ಸ್. ರುಂಡವನ್ನು ಇನ್ನೊಂಚೂರು ಮೇಲೆತ್ತಿ ರಕ್ತ ತೊಟ್ಟಿಕ್ಕುವುದು ಕಾಣುವ ಹಾಗೆ ಬರೆದಿದ್ದರೆ ಅದು ಕೆಟ್ಟ ಅಭಿರುಚಿ ಎಂದು ವಿವರಿಸಿದರು. ಕುಶಲಕರ್ಮಿಯ ಪ್ರಾಮಾಣಿಕ ಉತ್ತರ. ಅಷ್ಟು ಸಾಕಾಯಿತು. ಆ ರುಂಡದ ಲೆಕ್ಕ ಬ್ಯಾಟ್‌ಮನ್ ಖಾತೆಗೂ ಬಿತ್ತು.

ಅದೇ ವರ್ಷ ಪ್ರಕಾಶಕರು ಹೆದರಿ ತಮಗೆ ತಾವೇ ‘ಕಾಮಿಕ್ಸ್ ಕೋಡ್’ ಬರೆದುಕೊಂಡು, ಒಪ್ಪಿಗೆಯಾದ ಪುಸ್ತಕದ ಮೂಲೆಗೆ ಮುದ್ರೆ ಒತ್ತಿಸಿದರು. ರಕ್ತಪಿಶಾಚಿ ಬೇಡ, ನಡೆಯುವ ಹೆಣ ಬೇಡ, ಶೀರ್ಷಿಕೆಯಲ್ಲಿ ‘ಹಾರರ್’ ಅನ್ನುವ ಪದ ಬೇಡ. ಇವೆಲ್ಲಕ್ಕಿಂತ ನನ್ನ ಕಣ್ಣು ನಿಲ್ಲುವ ನಿಯಮ ಬೇರೊಂದು: ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಮೇಲೆ ಅಗೌರವ ಹುಟ್ಟುವ ಹಾಗೆ ಏನನ್ನೂ ತೋರಿಸಕೂಡದು. ಯೋಚಿಸಿ ನೋಡಿ. ಸುಳ್ಳು ಆರೋಪದ ಕಥೆ ಹೇಳಬೇಕಾದರೆ ಆರೋಪ ನಂಬಿದ ಅಧಿಕಾರಿಯನ್ನು ತೋರಿಸಲೇಬೇಕಲ್ಲ? ಅಪವಾದ ಹೊತ್ತವರಿಗೆ ಅಪವಾದದ ಕಥೆಯೇ ಕೈತಪ್ಪಿತು. 1963ರಲ್ಲಿ ಸ್ಪೈಡರ್‌ಮನ್‌ಗೆ ಅವನ ಹೆಸರಿನದೇ ಪತ್ರಿಕೆ ಶುರುವಾದಾಗ ಅವನ ಮೇಲೆ ಕೆಸರೆರಚುವವನು ಜೆ. ಜೋನಾ ಜೇಮ್ಸನ್, ಪತ್ರಿಕೆಯವನು. (ನಮ್ಮ ಮೇಲೆ ಅಗೌರವ ಹುಟ್ಟಬಾರದೆಂದು ಯಾವ ಕೋಡೂ ಹೇಳಲಿಲ್ಲ!) 1971ರಲ್ಲಿ ಕೋಡ್ ಸಡಿಲವಾದ ಮೇಲೆ ದಾರಿ ತೆರೆಯಿತು. 1979ರ ಸಮಿತಿ, 1985ರ ವಿಚಾರಣೆ ಎರಡೂ ಆ ಸಡಿಲಿಕೆಯ ಈಚೆಗಿನವು.

ಆ ಹೆದರಿಕೆ ಸಮುದ್ರ ದಾಟಿತು. 1955ರಲ್ಲಿ ಬ್ರಿಟನ್ ಕಾನೂನು ಮಾಡಿತು, 1956ರಲ್ಲಿ ನಮ್ಮ ಸಂಸತ್ತೂ ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳ ವಿರುದ್ಧ ಕಾಯ್ದೆ ತಂದಿತು. ಅಪರಾಧ, ಹಿಂಸೆ, ಕ್ರೌರ್ಯ, ಭೀಕರ ಘಟನೆಗಳನ್ನು ಚಿತ್ರಿಸುವ ಕಥೆಗಳು, ಚಿತ್ರವಿರಲಿ ಇಲ್ಲದಿರಲಿ, ಅದರ ವ್ಯಾಪ್ತಿಗೆ ಬಂದವು. ಕಾನೂನಿನ ಪುಸ್ತಕದೊಳಗೆ ಅದು ತಣ್ಣಗಿದ್ದಿರಬಹುದು. ನಮ್ಮ ಮನೆಯಲ್ಲಿ ಇರಲಿಲ್ಲ.

ಅಪ್ಪ ಮೇಷ್ಟ್ರು. ನನಗೆ ಹತ್ತು ವರ್ಷ. 1964ರಲ್ಲಿ ಶುರುವಾಗಿದ್ದ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಪುಸ್ತಕಗಳು ಹಳೇ ಪುಸ್ತಕದಂಗಡಿಯಲ್ಲಿ ದಿನಕ್ಕೆ ನಾಲ್ಕಾಣೆ ಬಾಡಿಗೆಗೆ ಸಿಗುತ್ತಿದ್ದವು. ಹಾಸಿಗೆ ಸುರುಳಿಯೊಳಗೆ ಬಚ್ಚಿಟ್ಟಿದ್ದ ಹನ್ನೊಂದು ಪುಸ್ತಕ ಒಂದು ಭಾನುವಾರ ಸಿಕ್ಕಿಬಿದ್ದವು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ‘ಇದಕ್ಕೆ ಸರ್ಕಾರವೇ ಕಾನೂನು ಮಾಡಿದೆ ಕಣೋ’ ಅಂದರು. ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ಪಿನ್ನು ಬಿಚ್ಚಿ ಒಳಗಿಟ್ಟರು. ಪಿನ್ನು ಬೂದಿಯಲ್ಲಿ ಉಳಿದು ಯಾರ ಕಾಲಿಗಾದರೂ ಚುಚ್ಚೀತೆಂದು. ಬಣ್ಣದ ಕಾಗದಕ್ಕೆ ಉರಿಯ ಅಂಚು ಹಸಿರಾಗುತ್ತದೆ ಎಂದು ನಾನು ಅವತ್ತು ಕಲಿತೆ. ಫ್ಯಾಂಟಮ್‌ನ ನೇರಳೆ ಕಾಲು ಕೊನೆಯವರೆಗೂ ಕಾಣುತ್ತಿತ್ತು. ನೀರು ಚೆನ್ನಾಗಿ ಕಾದಿತ್ತು, ಎಲ್ಲರೂ ಎಣ್ಣೆ ಸ್ನಾನ ಮಾಡಿದೆವು. 1948ರಲ್ಲೇ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಎಂಬ ಊರಲ್ಲಿ ಶಾಲೆ ಮಕ್ಕಳೇ ಕಾಮಿಕ್ಸ್ ರಾಶಿ ಹಾಕಿ ಸುಟ್ಟಿದ್ದರೆಂದು ಎಷ್ಟೋ ವರ್ಷದ ಮೇಲೆ ಓದಿದಾಗ ಮೂಗಿಗೆ ಬಂದದ್ದು ಸೀಗೇಪುಡಿಯ ವಾಸನೆ.

ಅದೇ ಅಪ್ಪ ಅಮರ ಚಿತ್ರಕಥೆಯನ್ನು ದುಡ್ಡು ಕೊಟ್ಟು ತರುತ್ತಿದ್ದರು. ಅದನ್ನು ರೂಪಿಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು ಎಂಬ ಅಭಿಮಾನ ಬೇರೆ. ಅದೇ ತೆಳು ಕಾಗದ, ಅದೇ ಬಣ್ಣ. ರಾಕ್ಷಸರ ರುಂಡ ಅದರಲ್ಲೂ ಉರುಳುತ್ತಿತ್ತು, ಕೀಫಾವರ್ ಎತ್ತಿ ಹಿಡಿಯಬಹುದಾದಷ್ಟು. ಆದರೆ ಹೇಳುವವರು ವ್ಯಾಸರು, ವಾಲ್ಮೀಕಿ.

ಚೌತಿಯ ದಿನ ಚಂದ್ರನನ್ನು ನೋಡಿದರೆ ಅಪವಾದ ತಪ್ಪದು ಎಂದು ಅಪ್ಪನೇ ಪ್ರತಿವರ್ಷ ಸ್ಯಮಂತಕ ಮಣಿಯ ಕಥೆ ಓದಿಸುತ್ತಿದ್ದರು. ಸತ್ರಾಜಿತನ ತಮ್ಮ ಕಾಡಿಗೆ ಹೋದವನು ಹೆಣವಾದ, ಕೊರಳಲ್ಲಿದ್ದ ಮಣಿ ಇಲ್ಲ, ಹಿಂದೆ ಅದನ್ನು ಕೇಳಿದ್ದವನು ಕೃಷ್ಣ. ಸತ್ರಾಜಿತ ಕೆಟ್ಟವನೇನಲ್ಲ, ತಮ್ಮನನ್ನು ಕಳೆದುಕೊಂಡವನು. ದ್ವಾರಕೆ ಅವನ ಸಂಕಟವನ್ನು ನಂಬಿತು. ಕೃಷ್ಣ ಊರವರನ್ನು ಕರೆದುಕೊಂಡೇ ಹುಡುಕಲು ಹೊರಟ, ನೋಡಿದವರು ಬೇಕಲ್ಲ. ಗುಹೆಯೊಳಗೆ ಜಾಂಬವಂತನ ಜೊತೆ 28 ದಿನ ಕಾದಾಡಿದ. ಊರವರು ಬಾಗಿಲಲ್ಲಿ ಕಾದದ್ದು 12 ದಿನ. ಆಮೇಲೆ ಮನೆಗೆ ಹೋದರು. ಗೋವರ್ಧನ ಎತ್ತಿದವನಿಗೆ ಜನ ಕೊಟ್ಟ ವಾಯಿದೆ ಅಷ್ಟೇ.

ಸೂಪರ್‌ಹೀರೋಗಳ ಗುಹೆ ತೆರೆಯಲು 50 ವರ್ಷಕ್ಕೂ ಹೆಚ್ಚು ಬೇಕಾಯಿತು. ವರ್ಥಮ್ 1981ರಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 2010ರಲ್ಲಿ ಸಂಶೋಧಕರಿಗೆ ತೆರೆದವು. ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲ್ಲಿ ಆ ಪೆಟ್ಟಿಗೆಗಳ ಮುಂದೆ ಕೂತು, ಕೇಸ್ ಟಿಪ್ಪಣಿಗಳನ್ನು ಪುಸ್ತಕದ ಜೊತೆ ಇಟ್ಟು ಓದಿ, 2012ರಲ್ಲಿ ಪ್ರಬಂಧ ಬರೆದರು. ಡಾಕ್ಟರು ಮಕ್ಕಳ ಮಾತು ತಿದ್ದಿದ್ದರು. ಬ್ಯಾಟ್‌ಮನ್, ರಾಬಿನ್ ಬಗ್ಗೆ ಒಬ್ಬ ಹುಡುಗ ಹೇಳಿದನೆಂದು ಕೊಟ್ಟಿದ್ದ ಸಾಕ್ಷ್ಯ ನಿಜದಲ್ಲಿ ಇಬ್ಬರ ಮಾತಿನ ಬೆಸುಗೆ. ಅವರಿಬ್ಬರೂ ಮೊದಲೇ ಪ್ರೇಮಿಗಳು, ತಮ್ಮ ಕನಸಿಗೆ ಟಾರ್ಜನ್ ಮತ್ತು ಸಬ್‌ಮರೀನರ್ ಹೆಚ್ಚು ಒಗ್ಗುತ್ತಾರೆ ಎಂದೂ ಹೇಳಿದ್ದರು. ಆ ಭಾಗ ಪುಸ್ತಕಕ್ಕೆ ಬರಲಿಲ್ಲ. ಹದಿಮೂರರ ಹುಡುಗಿ ಶಾಲೆ ತಪ್ಪಿಸುವುದಕ್ಕೆ ಕಾಮಿಕ್ಸ್ ಕಾರಣ ಎಂದಿದ್ದ ಕಡೆ, ಅವಳು ಪುಂಡರ ಗುಂಪಿನಲ್ಲಿದ್ದದ್ದು, ಮನೆ ಬಿಟ್ಟು ಓಡಿದ್ದು, ಓದಲು ಕಷ್ಟಪಡುತ್ತಿದ್ದದ್ದು ಎಲ್ಲ ಟಿಪ್ಪಣಿಯಲ್ಲೇ ಉಳಿದಿತ್ತು. ಟಿಲ್ಲಿ ಇದನ್ನು ಬರೆಯುವ ಹೊತ್ತಿಗೆ ಕಾಮಿಕ್ಸ್ ಕೋಡ್ ಸತ್ತು ವರ್ಷ ಕಳೆದಿತ್ತು. 2011ರಲ್ಲಿ ಕೊನೆಯ ಪ್ರಕಾಶಕರೂ ಅದನ್ನು ಬಿಟ್ಟಿದ್ದರು.

ಈ ಸುದ್ದಿ ಓದಿದಾಗ ಅಪ್ಪನಿಗೆ ಎಂಬತ್ತು ದಾಟಿತ್ತು, ಕಣ್ಣು ಮಂಜು. ಪಕ್ಕದಲ್ಲಿ ಕೂತು ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಹಾರ್ಲೆಮ್, 25 ಸೆಂಟ್ ಫೀಸು, ಸೆನೆಟ್, ಟಿಲ್ಲಿ ತೆರೆದ ಪೆಟ್ಟಿಗೆ. ಒಳಗೊಳಗೇ ಹನ್ನೊಂದು ಪುಸ್ತಕದ ಲೆಕ್ಕ ಚುಕ್ತಾ ಆಗುತ್ತದೆಂಬ ಆಸೆ ಇತ್ತು. ಅಪ್ಪ ಮೇಷ್ಟ್ರ ಹಾಗೆಯೇ ಕೊನೆಯವರೆಗೂ ತಲೆ ಅಲ್ಲಾಡಿಸದೆ ಕೇಳಿದರು.

‘ಆ ಡಾಕ್ಟರು ಬಡವರಿಗೆ ನಾಲ್ಕು ಕಾಸಿಗೆ ಚಿಕಿತ್ಸೆ ಕೊಡ್ತಿದ್ರು ಅಂದೆಯಲ್ಲ?’

‘ಹೌದಪ್ಪ.’

‘ಅಂಥೋರು ಯಾಕೋ ಸುಳ್ಳು ಹೇಳ್ತಾರೆ?’ ಅಂದರು. ಆಮೇಲೆ ಕಾಫಿ ಕೇಳಿದರು.