ಐದನೆಯ ಆಜ್ಞೆ ಯಾವುದು?

ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ಐದನೆಯದು ಯಾವುದು? ಠಾಣೆಯ ವಾಗ್ಳೆ ಎಸ್ಟೇಟಿನ ಒಂದೇ ಕಟ್ಟಡದಲ್ಲಿ ಕರ್ನಾಟಕದಿಂದ ಬಂದ ಎರಡು ಕ್ರೈಸ್ತ ಮನೆಗಳಿವೆ ಎಂದುಕೊಳ್ಳಿ. ಕಥೋಲಿಕರ ಮನೆಯ ಮಗು ‘ಕೊಲ್ಲಬಾರದು’ ಎನ್ನುತ್ತದೆ. ಆಂಗ್ಲಿಕನ್ ಪರಂಪರೆಯ ಮನೆಯ ಮಗು ‘ತಂದೆತಾಯಿಯನ್ನು ಗೌರವಿಸು’ ಎನ್ನುತ್ತದೆ. ಇಬ್ಬರೂ ಸರಿಯೇ. ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ ಆಜ್ಞೆಗಳಿವೆ, ಅವಕ್ಕೆ ಒಂದು, ಎರಡು ಎಂಬ ಎಣಿಕೆಯಿಲ್ಲ. ಎಣಿಸಿದವರು ಆಮೇಲಿನವರು. ಕಥೋಲಿಕರೂ ಲುಥೆರನರೂ ಸಂತ ಅಗಸ್ಟೀನನ ಹಾದಿಯಲ್ಲಿ ಎಣಿಸಿದರು, ಉಳಿದ ಬಹುಪಾಲು ಪ್ರೊಟೆಸ್ಟೆಂಟರು ಬೇರೆ ರೀತಿಯಲ್ಲಿ.

ಈಗ ಅದೇ ಪ್ರಶ್ನೆಯನ್ನು ಎಐ ಹುಡುಕಾಟಕ್ಕೆ ಹಾಕಿದರೆ, ಅದು ಎರಡು ಎಣಿಕೆಗಳನ್ನೂ ಹೇಳಬಹುದು, ಒಂದನ್ನೇ ಹೇಳಿ ಮುಗಿಸಲೂಬಹುದು. ಒಂದನ್ನೇ ಹೇಳಿದಾಗ ಅದು ಸುಳ್ಳೇನೂ ಹೇಳಿರುವುದಿಲ್ಲ. ಆದರೂ ಒಂದು ಮನೆಯ ಮಗುವಿಗೆ ‘ನೀನು ಕಲಿತದ್ದು ತಪ್ಪು’ ಎಂದಂತಾಗುತ್ತದೆ. ಪಕ್ಷಪಾತವೆಂದರೆ ಯಾರೋ ಬೇಕೆಂದೇ ವಿಷ ಬೆರೆಸುವುದು ಎಂದು ನಾವು ಭಾವಿಸುತ್ತೇವೆ. ಇಲ್ಲಿನ ಪಕ್ಷಪಾತ ಅಂಥದ್ದಲ್ಲ, ಒಂದು ಪರಂಪರೆಯ ಮಾತು ಹೆಸರು ಹೇಳದೆ ಎಲ್ಲರ ಮಾತಾಗಿಬಿಡುವುದು.

ಹಳೆಯ ಸಲಕರಣೆಗಳಿಗೆ ಪಕ್ಷಪಾತವಿರಲಿಲ್ಲವೇ? ಇತ್ತು. ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ತಂದ ಪದಸೂಚಿ 1611ರ ಕಿಂಗ್ ಜೇಮ್ಸ್ ಅನುವಾದಕ್ಕೆ ಕಟ್ಟುಬಿದ್ದದ್ದು. ಆದರೆ ಅದನ್ನು ಬಳಸುವವರಿಗೆ ಆ ಸಂಗತಿ ಗೊತ್ತಿತ್ತು. ಅದು ಒಂದು ಪದ ಬರುವ ಜಾಗಗಳನ್ನೆಲ್ಲ ಸಾಲಾಗಿ ತೋರಿಸುತ್ತಿತ್ತು, ತೀರ್ಮಾನವನ್ನು ಓದುಗರಿಗೇ ಬಿಡುತ್ತಿತ್ತು. ಎಐ ಆ ಸಾಲನ್ನು ಮರೆಮಾಡಿ ತೀರ್ಮಾನವನ್ನಷ್ಟೇ ಕೈಗಿಡುತ್ತದೆ.

ಇದು ಬರೀ ಎಣಿಕೆಯ ಜಗಳವಾಗಿದ್ದರೆ ಬಿಟ್ಟುಬಿಡಬಹುದಿತ್ತು. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದ ಆರಂಭದಲ್ಲಿ ಫೊಯಿಬೆ ಎಂಬ ಹೆಂಗಸು ಬರುತ್ತಾಳೆ. ಪೌಲನು ಅವಳನ್ನು ಕರೆಯುವ ಗ್ರೀಕ್ ಪದ ‘ದಿಯಾಕೊನೊಸ್’. ಕಿಂಗ್ ಜೇಮ್ಸ್ ಅನುವಾದದಲ್ಲಿ ಆಕೆ ‘ಸರ್ವೆಂಟ್’, 1989ರ ನ್ಯೂ ರಿವೈಸ್ಡ್ ಸ್ಟ್ಯಾಂಡರ್ಡ್ ಅನುವಾದದಲ್ಲಿ ‘ಡೀಕನ್’. ಮೊದಲನೆಯದರಲ್ಲಿ ಸೇವಕಿ, ಎರಡನೆಯದರಲ್ಲಿ ಸಭೆಯ ಪದವಿ ಹೊತ್ತವಳು. ಹೆಂಗಸರು ಸಭೆಯಲ್ಲಿ ಹೊಣೆ ಹೊರಬಹುದೇ ಎಂದು ಒಬ್ಬ ಯುವತಿ ಫೋನಿನಲ್ಲಿ ಕೇಳಿದಾಗ, ಯಂತ್ರ ಯಾವ ಅನುವಾದವನ್ನು ನೆಚ್ಚಿ ಉತ್ತರಿಸಿತು ಎಂಬುದು ಅವಳ ಬದುಕಿಗೇ ತಟ್ಟುವ ಮಾತು.

ಕನ್ನಡದಲ್ಲಿ ಕೇಳುವವರಿಗೆ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1830ರ ದಶಕದ ಆರಂಭದಲ್ಲೇ ಇಡೀ ಬೈಬಲ್ ಕನ್ನಡಕ್ಕೆ ಬಂತು. ಅಲ್ಲಿಂದ ಇಲ್ಲಿಯವರೆಗೆ ಕನ್ನಡ ಸಭೆಗಳು ಒಂದೊಂದು ಪದವನ್ನೂ ತೂಗಿ ಆರಿಸಿಕೊಂಡಿವೆ. ಹಳೆಯ ‘ಸತ್ಯವೇದ’ದಲ್ಲಿ ‘ಯೆಹೋವ’, ‘ದೀಕ್ಷಾಸ್ನಾನ’ ಎಂದಿದ್ದರೆ ಈಚಿನ ಅನುವಾದದಲ್ಲಿ ‘ಸರ್ವೇಶ್ವರ’, ‘ಸ್ನಾನದೀಕ್ಷೆ’ ಬರುತ್ತವೆ. ಇವು ಬರೀ ಸಮಾನಾರ್ಥಕಗಳಲ್ಲ. ಒಂದು ಪದ ಹೀಬ್ರೂ ಹೆಸರನ್ನು ಉಳಿಸಿಕೊಳ್ಳುತ್ತದೆ, ಇನ್ನೊಂದು ಈ ನೆಲದ ಭಕ್ತಿಯ ಮಾತಿಗೆ ಹತ್ತಿರವಾಗುತ್ತದೆ. ಎಐ ಕಲಿತ ಬರಹದಲ್ಲಿ ಇಂಗ್ಲಿಷಿನದೇ ಸಿಂಹಪಾಲು. ಅದು ಇಂಗ್ಲಿಷ್ ವ್ಯಾಖ್ಯಾನವನ್ನು ಕನ್ನಡಕ್ಕೆ ಇಳಿಸಿ ಕೊಟ್ಟಾಗ ಹೊರಬರುವ ‘ವಚನ’ ಅಚ್ಚಾದ ಯಾವ ಕನ್ನಡ ಬೈಬಲ್ಲಿನಲ್ಲೂ ಇಲ್ಲದ್ದಾಗಿರಬಹುದು. ಓದಲು ಮಾತ್ರ ವೇದವಾಕ್ಯದಂತೆಯೇ ಇರುತ್ತದೆ.

ಪಾದ್ರಿಗಳಿಗೂ ಪಕ್ಷವಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಆದರೆ ಅವರು ಯಾವ ಸಭೆಯವರೆಂದು ಕೇಳುವವರಿಗೆ ಗೊತ್ತು, ಎದ್ದು ನಿಂತು ಪ್ರಶ್ನಿಸಲೂ ಬರುತ್ತದೆ. ಇನ್ನು ಕನ್ನಡ ಆರಾಧನೆ ಸಿಗದ ಊರಿನಲ್ಲಿ ಪಾಳಿ ಕೆಲಸ ಮಾಡುವವರಿಗೆ ರಾತ್ರಿ ಹನ್ನೊಂದಕ್ಕೂ ಉತ್ತರಿಸುವ ಈ ಸಲಕರಣೆ ದೊಡ್ಡ ಅನುಕೂಲವೇ. ಅದನ್ನು ಬಿಡಿ ಎನ್ನುವುದು ಸಲ್ಲದು.

ಆದರೆ ನಂಬಿಕೆಗೆ ಷರತ್ತು ಬೇಕು. ಯಾವ ಅನುವಾದ? ಯಾವ ಪರಂಪರೆಯ ವ್ಯಾಖ್ಯಾನ? ಇದನ್ನು ಒಪ್ಪದವರು ಏನನ್ನುತ್ತಾರೆ? ಪ್ರತಿ ಉತ್ತರಕ್ಕೂ ಈ ಮೂರು ಮಾತು ಕೇಳಬೇಕು, ಉಲ್ಲೇಖಿಸಿದ ವಚನವನ್ನು ಅಚ್ಚಿನ ಪುಸ್ತಕ ತೆರೆದು ನೋಡಬೇಕು. ಇಂಥ ಸಲಕರಣೆ ಕಟ್ಟುವವರು ಈ ಉತ್ತರಗಳನ್ನು ಕೇಳದೆಯೇ ಕೊಡಬೇಕು. ತಾನು ಎಲ್ಲಿ ನಿಂತು ಮಾತಾಡುತ್ತಿದ್ದೇನೆಂದು ಹೇಳದ ಬೋಧಕನನ್ನು ಯಾವ ಸಭೆಯೂ ಪೀಠಕ್ಕೆ ಹತ್ತಿಸುವುದಿಲ್ಲ. ಯಂತ್ರಕ್ಕೆ ಮಾತ್ರ ಆ ರಿಯಾಯಿತಿ ಏಕೆ?